ಕಣ್ಣಿಗೆ ಗಿಡದ ಮದ್ದು: ಬಾವಲಿ ಸೀಮೆಯ ಮೂಲಿಕೆಗಳು ಎಷ್ಟು ನಂಬಿಕೆಗೆ ಅರ್ಹ?

ಕಣ್ಣು ಕೆಂಪಾದರೆ ನಂದಿಬಟ್ಟಲ ಹೂವಿನ ರಸ, ಇರುಳುಗಣ್ಣಿಗೆ ಅಗಸೆ ಸೊಪ್ಪು, ಪೊರೆಗೆ ತ್ರಿಫಲ, ಉರಿಗೆ ಎಳನೀರು: ಕಣ್ಣಿನ ಬೇನೆಗೆ ಗಿಡಮೂಲಿಕೆ ಹುಡುಕುವ ರೂಢಿ ದಕ್ಷಿಣ ಭಾರತದಲ್ಲೆಲ್ಲ ಇದೆ. ಆ ರೂಢಿಯ ಎಲ್ಲ ಎಳೆಗಳೂ ಒಂದೆಡೆ ಸೇರುವ ಜಾಗಗಳಲ್ಲಿ ವಯನಾಡಿನ ಬಾವಲಿ ಒಂದು. ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ ದಾಟಿ ನಾಗರಹೊಳೆಯ ಕಾಡಿನೊಳಗೆ ಮಾನಂದವಾಡಿಗೆ ಹೋಗುವ ರಸ್ತೆ ಕೇರಳವನ್ನು ಹೊಗುವುದು ಇಲ್ಲೇ. ಗಡಿಯ ಈಚೆ ಜೇನುಕುರುಬ, ಬೆಟ್ಟಕುರುಬರ ಹಾಡಿಗಳು; ಆಚೆ ಕಾಟ್ಟುನಾಯ್ಕ, ಅಡಿಯ, ಪಣಿಯರ ವಸತಿಗಳು ಮತ್ತು ವಯನಾಡು ಚೆಟ್ಟಿಗಳ ಗದ್ದೆಗಳು. ಕನ್ನಡ, ಮಲಯಾಳಂ ಮತ್ತು ಇವೆರಡಕ್ಕೂ ಪೂರ್ತಿ ಸೇರದ ಬುಡಕಟ್ಟು ನುಡಿಗಳಲ್ಲಿ ಒಂದೇ ಗಿಡಕ್ಕೆ ಮೂರು ನಾಲ್ಕು ಹೆಸರು. ಹಾಡಿಯ ನಾಟಿ ಮದ್ದು, ಕೇರಳದ ಅಷ್ಟಾಂಗಹೃದಯದ ಪರಂಪರೆ, ಇಂಗ್ಲಿಷ್ ಔಷಧದಂಗಡಿಯ ಕಣ್ಣಹನಿ ಮೂರೂ ಇಲ್ಲಿನ ಜನರ ಕೈಗೆ ಎಟಕುತ್ತವೆ. ಇವುಗಳಲ್ಲಿ ಯಾವುದು ಪರೀಕ್ಷೆಗೆ ನಿಂತಿದೆ, ಯಾವುದು ನಿಂತಿಲ್ಲ ಎಂಬುದೇ ಪ್ರಶ್ನೆ.

ಮನೆಮದ್ದಿನಿಂದ ಆರಂಭಿಸುವುದಾದರೆ, ಅದರ ಕೀರ್ತಿಗೆ ದೊಡ್ಡ ಕಾರಣ ರೋಗದ ಸ್ವಭಾವದಲ್ಲೇ ಇದೆ. ಜನ ‘ಮದ್ರಾಸ್ ಐ’ ಎನ್ನುವ ಕೆಂಗಣ್ಣು ಹೆಚ್ಚಾಗಿ ಅಡಿನೋವೈರಸ್‌ನಿಂದ ಬರುತ್ತದೆ. ಏನೂ ಮಾಡದಿದ್ದರೂ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಮೂರನೆಯ ದಿನ ನಂದಿಬಟ್ಟಲು ಹಿಂಡಿದವರಿಗೆ ಹತ್ತನೆಯ ದಿನ ಗುಣವಾದರೆ ಯಶಸ್ಸು ಹೂವಿಗೆ ಸಲ್ಲುತ್ತದೆ. ಕಣ್ಣುಕುಟಿಕೆ, ಧೂಳಿನ ಉರಿ, ನಿದ್ದೆಗೆಟ್ಟ ಕೆಂಪು ಇವಕ್ಕೂ ಇದೇ ಮಾತು. ತಣ್ಣನೆಯ ಹೂವಿನೆಸಳನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟರೆ ಹಿತವೆನಿಸುವುದು ನಿಜ, ಅದರಿಂದ ಹಾನಿಯೂ ಇಲ್ಲ. ರೆಪ್ಪೆ ತೆರೆದು ರಸ ಬಿಡುವುದು ಬೇರೆಯೇ ಸಂಗತಿ.

ಶಾಸ್ತ್ರೀಯ ಆಯುರ್ವೇದ ಕಣ್ಣಿನ ವಿಷಯದಲ್ಲಿ ಮನೆಮದ್ದಿಗಿಂತ ಬಹಳ ಎಚ್ಚರದ್ದು. ಸುಶ್ರುತ ಸಂಹಿತೆಯ ಉತ್ತರತಂತ್ರ 76 ನೇತ್ರರೋಗಗಳನ್ನು ಹೆಸರಿಸುತ್ತದೆ. ಅಷ್ಟಾಂಗಹೃದಯದ ಕರ್ತೃ ವಾಗ್ಭಟ 94 ಎಣಿಸುತ್ತಾನೆ. ಚಿಕಿತ್ಸೆಯ ಬಗೆಗಳೂ ಹಲವು: ಹನಿ ಬಿಡುವ ಆಶ್ಚ್ಯೋತನ, ಧಾರೆಯಾಗಿ ಸುರಿಯುವ ಸೇಕ, ಕಾಡಿಗೆಯಂತೆ ಹಚ್ಚುವ ಅಂಜನ, ರೆಪ್ಪೆಯ ಹೊರಗೆ ಲೇಪಿಸುವ ವಿಡಾಲಕ, ಕಣ್ಣಿನ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಔಷಧಿಯ ತುಪ್ಪ ನಿಲ್ಲಿಸುವ ತರ್ಪಣ. ಯಾವ ಹಂತದಲ್ಲಿ ಯಾವುದನ್ನು ಮಾಡಬೇಕು, ಯಾವುದನ್ನು ಮಾಡಬಾರದು ಎಂಬ ನಿಷೇಧಗಳೂ ಜೊತೆಗಿವೆ. ಮದ್ದುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವವು ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲ, ದಾರುಹರಿದ್ರಾ ಎಂಬ ಮರದರಿಶಿನ, ಅತಿಮಧುರ, ಕಲಕಿದ ನೀರನ್ನು ತಿಳಿಯಾಗಿಸುವ ಚಿಲ್ಲದ ಬೀಜ, ಜೇನು. ಕೇರಳದಲ್ಲಿ ಮನೆಮಾತಾಗಿರುವ ಎಳನೀರ್ ಕುಳಂಬು ಇದೇ ಸಾಮಗ್ರಿಯ ಪಾಕ: ಎಳನೀರಿಗೆ ಮರದರಿಶಿನ, ತ್ರಿಫಲ, ಅತಿಮಧುರ, ಸೈಂಧವ ಲವಣ, ಪಚ್ಚಕರ್ಪೂರ, ಜೇನು ಸೇರುತ್ತವೆ. ಅದನ್ನು ಕಣ್ಣಿಗೆ ಹಚ್ಚಿದವರಿಗೆ ಮೊದಲು ನೆನಪಾಗುವುದು ಉರಿ. ಆಮೇಲೆ ಧಾರಾಳವಾಗಿ ಇಳಿಯುವ ಕಣ್ಣೀರು. ತೊಳೆದುಹೋಗುವ ಕೊಳೆಯಲ್ಲಿ ಮದ್ದಿನ ಪಾಲೆಷ್ಟು, ಕಣ್ಣೀರಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ತ್ರಿಫಲದ ಮೂರೂ ಮರಗಳು ಬಾವಲಿಯ ಸುತ್ತಲಿನ ಕಾಡಿನವು. ನೆಲ್ಲಿ, ಅಳಲೆ, ತಾರೆಯನ್ನು ಕಿರು ಅರಣ್ಯ ಉತ್ಪನ್ನವಾಗಿ ಆರಿಸಿ ಸಹಕಾರ ಸಂಘಕ್ಕೆ ಕೊಡುವುದು ಗಡಿಯ ಎರಡೂ ಕಡೆ ಆದಿವಾಸಿಗಳಿಗೆ ಗೊತ್ತಿರುವ ಕಸುಬು. ಮರದರಿಶಿನದ ಕಥೆ ಹಾಗಲ್ಲ. ಗ್ರಂಥಗಳ ದಾರುಹರಿದ್ರಾ ಹಿಮಾಲಯದ ಮುಳ್ಳುಪೊದೆ. ದಕ್ಷಿಣದಲ್ಲಿ ಅದರ ಬದಲಿಗೆ ಬಳಸುವುದು ಪಶ್ಚಿಮ ಘಟ್ಟದ ತೇವದ ಕಾಡಿನ ಒಂದು ದಪ್ಪ ಬಳ್ಳಿ. ಎರಡೂ ಬೇರೆ ಕುಟುಂಬದ ಸಸ್ಯಗಳು, ಆದರೆ ಎರಡರ ಕಾಂಡವೂ ಹಳದಿ, ಎರಡರಲ್ಲೂ ಇರುವ ಮುಖ್ಯ ಕ್ಷಾರಾಭ ಬರ್ಬೆರಿನ್. ರಸಾಯನಶಾಸ್ತ್ರ ಹುಟ್ಟುವ ಮೊದಲೇ ದಕ್ಷಿಣದ ವೈದ್ಯರು ಸರಿಯಾದ ಬದಲಿಯನ್ನು ಗುರುತಿಸಿದ್ದರು ಎಂಬುದು ಸಣ್ಣ ಮಾತಲ್ಲ. ಅತಿಯಾದ ಕೊಯ್ಲಿನಿಂದ ಈಗ ಆ ಬಳ್ಳಿಯೇ ದುರ್ಲಭವಾಗಿದೆ. ಕಾಡಿನಿಂದ ತಂದದ್ದರ ರಫ್ತಿಗೆ ಸರ್ಕಾರದ ನಿಷೇಧವಿದೆ.

ಬರ್ಬೆರಿನ್ ಕಣ್ಣಿನ ಸೋಂಕಿನ ಮೇಲೆ ಮನುಷ್ಯರಲ್ಲೇ ಪರೀಕ್ಷೆಯಾದ ಕೆಲವೇ ಸಸ್ಯದ್ರವ್ಯಗಳಲ್ಲಿ ಒಂದು. 1982ರಲ್ಲಿ ಭಾರತೀಯ ಸಂಶೋಧಕರು ಟ್ರಕೋಮಾ ಎಂಬ ಕಣ್ಣಿನ ಸೋಂಕಿನ ರೋಗಿಗಳಿಗೆ ಬರ್ಬೆರಿನ್ ಹನಿಯನ್ನು ಬಿಟ್ಟು, ಆಗ ಬಳಕೆಯಲ್ಲಿದ್ದ ಸಲ್ಫಾಸೆಟಮೈಡ್ ಹನಿಯೊಂದಿಗೆ ಹೋಲಿಸಿದರು. ಸಲ್ಫಾ ಹನಿಯಿಂದ ಕಣ್ಣು ನೋಡಲು ಬೇಗ ತಿಳಿಯಾಯಿತು, ಆದರೆ ರೋಗಾಣು ಉಳಿದು ಬೇನೆ ಮರುಕಳಿಸಿತು. ಬರ್ಬೆರಿನ್‌ನಿಂದ ಉಪಶಮನ ಸಾಧಾರಣವಾಗಿದ್ದರೂ ರೋಗಾಣು ಕಣ್ಮರೆಯಾಯಿತು. ಭರವಸೆಯ ಫಲಿತಾಂಶವೇ. ಆದರೂ ಅದು ಮುಂದುವರಿಯಲಿಲ್ಲ. ಟ್ರಕೋಮಾವನ್ನು ಸೋಲಿಸಿದ್ದು ಅಜಿಥ್ರೋಮೈಸಿನ್, ಮುಖ ತೊಳೆಯುವ ನೀರು ಮತ್ತು ಶೌಚಾಲಯ. ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಹಲವು ಮೂಲಿಕೆ ಕೂಡಿಸಿದ ಸಿದ್ಧ ಹನಿಗಳ ಸಾಕ್ಷ್ಯ ಇನ್ನೂ ತೆಳು. ತಾರೆ, ನೆಲ್ಲಿ, ತುಳಸಿ, ಅರಿಶಿನ, ಓಮ, ಜೇನು ಇರುವ ಆಫ್ತಾಕೇರ್ ಹನಿಯ ಮೇಲೆ 2001ರಲ್ಲಿ ಪ್ರಕಟವಾದ ಅಧ್ಯಯನ ಹಲವು ಬಗೆಯ ಬೇನೆಗಳಲ್ಲಿ ಸುಧಾರಣೆ ಕಂಡಿತು. ಆದರೆ ಅದರಲ್ಲಿ ಹೋಲಿಕೆಗೆ ಇನ್ನೊಂದು ಗುಂಪಿರಲಿಲ್ಲ. ತಾನೇ ವಾಸಿಯಾಗುವ ರೋಗಗಳಲ್ಲಿ ಇದು ಸಣ್ಣ ಕೊರತೆಯಲ್ಲ.

ಸಾಕ್ಷ್ಯ ತೂಗುವ ಮೊದಲು ಕಣ್ಣಿನ ರಚನೆಯ ಎರಡು ಮಾತು ಬೇಕು. ಕೆಳರೆಪ್ಪೆಯ ಚೀಲ ಹಿಡಿಯುವುದು ಸುಮಾರು 30 ಮೈಕ್ರೋಲೀಟರ್. ಒಂದು ಹನಿಯೇ ಅದಕ್ಕಿಂತ ದೊಡ್ಡದು. ಉಳಿದದ್ದು ಕೆನ್ನೆಗೆ ಇಳಿಯುತ್ತದೆ ಅಥವಾ ಮೂಗಿನ ನಾಳ ಸೇರುತ್ತದೆ. ಕಾರ್ನಿಯಾದ ಹೊರಪದರ ಕೊಬ್ಬಿನಲ್ಲಿ ಕರಗುವುದನ್ನು ಒಳಬಿಡುತ್ತದೆ, ನಡುಪದರ ನೀರಿನಲ್ಲಿ ಕರಗುವುದನ್ನು. ಎರಡೂ ಗುಣವಿದ್ದ ಅಣುವಿಗೆ ಮಾತ್ರ ದಾರಿ. ಹಾಗಾಗಿ ಬಿಟ್ಟ ಔಷಧಿಯಲ್ಲಿ ಕಣ್ಣಿನೊಳಗೆ ತಲುಪುವುದು ಶೇಕಡಾ 5ಕ್ಕಿಂತಲೂ ಕಡಿಮೆ. ಕಣ್ಣಿನ ಹಿಂಬದಿಯ ರೆಟಿನಾಕ್ಕಂತೂ ಹನಿಯ ಮೂಲಕ ಮುಟ್ಟುವುದು ಬಹುತೇಕ ಆಗದ ಕೆಲಸ. ಜೀವಕೋಶದ ತಟ್ಟೆಯಲ್ಲಿ ಅದ್ಭುತ ಮಾಡಿದ ಸೊಪ್ಪಿನ ಸಾರ ಕಣ್ಣಿನಲ್ಲಿ ಸೋಲುವುದು ಹೆಚ್ಚಾಗಿ ಇಲ್ಲೇ.

ಪೊರೆಯ ವಿಷಯದಲ್ಲಿ ಗಿಡಮೂಲಿಕೆಯ ಸಂಶೋಧನೆ ಹೇರಳ, ಫಲ ಕಡಿಮೆ. ಮಸೂರದ ಪ್ರೋಟೀನುಗಳು ವಯಸ್ಸು, ಬಿಸಿಲು, ಸಕ್ಕರೆಯ ಏಟಿಗೆ ಗಂಟುಕಟ್ಟಿ ಬೆಳಕನ್ನು ತಡೆಯುವುದೇ ಪೊರೆ. ಮಧುಮೇಹದಲ್ಲಿ ಅಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಸಕ್ಕರೆಯನ್ನು ಸಾರ್ಬಿಟಾಲ್ ಆಗಿಸಿ ಈ ಕೆಲಸಕ್ಕೆ ವೇಗ ಕೊಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ನೆಲ್ಲಿಕಾಯಿಯ ಟ್ಯಾನಿನ್‌ಗಳು ಈ ಕಿಣ್ವವನ್ನು ತಡೆದು ಮಧುಮೇಹಿ ಇಲಿಗಳಲ್ಲಿ ಪೊರೆಯನ್ನು ನಿಧಾನಿಸುತ್ತವೆಂದು ತೋರಿಸಿದರು. 2012ರಲ್ಲಿ ಅಮೆರಿಕದ ಕೊಲರಾಡೊದ ತಂಡವೊಂದು ನೆಲ್ಲಿಯಲ್ಲಿ ಆ ಕೆಲಸ ಮಾಡುವ ಅಣು ಬೀಟಾ ಗ್ಲುಕೋಗ್ಯಾಲಿನ್ ಎಂದು ಗುರುತಿಸಿತು. ತ್ರಿಫಲ ಸೆಲೆನೈಟ್‌ನಿಂದ ಇಲಿಮರಿಗಳಲ್ಲಿ ಬರಿಸಿದ ಪೊರೆಯನ್ನು ತಗ್ಗಿಸಿತೆಂಬ ವರದಿ 2010ರದು. ಅರಿಶಿನದ ಕರ್ಕ್ಯುಮಿನ್ ಇನ್ನೊಂದು ಪಾಠ ಹೇಳಿತು: ಗ್ಯಾಲಕ್ಟೋಸ್ ತಿನ್ನಿಸಿದ ಇಲಿಗಳಲ್ಲಿ ಆಹಾರದ ಶೇಕಡಾ 0.002ರಷ್ಟು ಕೊಟ್ಟಾಗ ಪೊರೆ ತಡವಾಯಿತು, ಶೇಕಡಾ 0.015ಕ್ಕೆ ಏರಿಸಿದಾಗ ಪೊರೆ ಬಲಿಯುವುದು ಇನ್ನೂ ಬೇಗವಾಯಿತು. ‘ಗಿಡದ್ದು, ಹೆಚ್ಚಾದರೂ ಪರವಾಗಿಲ್ಲ’ ಎನ್ನುವವರು ಈ ಇಲಿಗಳನ್ನು ನೆನೆಯಬೇಕು.

ಇಲಿಯಿಂದ ಮನುಷ್ಯನಿಗೆ ಬರುವಷ್ಟರಲ್ಲಿ ಈ ಭರವಸೆ ಕರಗುತ್ತದೆ. ಇದೇ ಕಿಣ್ವವನ್ನು ತಡೆಯಲೆಂದು ತಯಾರಿಸಿದ ಸಾರ್ಬಿನಿಲ್ ಎಂಬ ರಾಸಾಯನಿಕ ಔಷಧಿಯೂ 1990ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಮಧುಮೇಹಿಗಳ ರೆಟಿನಾವನ್ನು ಕಾಪಾಡಲಿಲ್ಲ. ಮೇಲಾಗಿ, ತಡವಾಗಿಸುವುದು ಬೇರೆ, ಬಂದ ಪೊರೆಯನ್ನು ಕರಗಿಸುವುದು ಬೇರೆ. ಬೆಂದ ಮೊಟ್ಟೆಯ ಬಿಳಿ ಮತ್ತೆ ತಿಳಿಯಾಗದಂತೆ ಗಂಟುಕಟ್ಟಿದ ಮಸೂರವೂ ಆಗದು; ಮನುಷ್ಯರಲ್ಲಿ ಪೊರೆಯನ್ನು ಕರಗಿಸಿ ತೋರಿಸಿದ ಸಸ್ಯದ ಹನಿ ಒಂದೂ ಇಲ್ಲ. ಮಸೂರ ತೆಗೆದು ಕೃತಕ ಮಸೂರ ಕೂರಿಸುವ ಶಸ್ತ್ರಚಿಕಿತ್ಸೆ ಕೆಲವೇ ನಿಮಿಷಗಳ ಕೆಲಸ. 1976ರಿಂದ ನಡೆದಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಅದು ಉಚಿತವೂ ಹೌದು. ಹನಿ ಬಿಡುತ್ತ ವರ್ಷ ಕಳೆದವರ ಪೊರೆ ಬಲಿತು, ಸುಲಭವಾಗಬಹುದಾಗಿದ್ದ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ.

ಕಣ್ಣಿನ ಒತ್ತಡದ ರೋಗವಾದ ಗ್ಲಾಕೋಮಾದಲ್ಲಿ ಚಿತ್ರ ಪೂರಾ ಬದಲಾಗುತ್ತದೆ. ಈ ರೋಗದ ಆಧುನಿಕ ಔಷಧ ಚಿಕಿತ್ಸೆ ಹುಟ್ಟಿದ್ದೇ ಗಿಡದಿಂದ. ಪಶ್ಚಿಮ ಆಫ್ರಿಕಾದ ಕ್ಯಾಲಬಾರ್‌ನಲ್ಲಿ ಆರೋಪಿಗಳಿಗೆ ದಿವ್ಯಪರೀಕ್ಷೆಯಾಗಿ ತಿನ್ನಿಸುತ್ತಿದ್ದ ವಿಷದ ಅವರೆಯಿಂದ ಬಂದ ಎಸೆರಿನ್ ಅನ್ನು ಲುಡ್ವಿಗ್ ಲಾಕ್ವರ್ 1876ರಲ್ಲಿ ಗ್ಲಾಕೋಮಾಕ್ಕೆ ಬಳಸಿದ. ಅವನೂ ಅದೇ ರೋಗದವನಾಗಿದ್ದ. ಬ್ರೆಜಿಲ್‌ನ ಜಬೊರಾಂಡಿ ಎಲೆಯಿಂದ 1875ರಲ್ಲಿ ಬೇರ್ಪಡಿಸಿದ ಪೈಲೋಕಾರ್ಪಿನ್ ನೂರು ವರ್ಷ ಗ್ಲಾಕೋಮಾದ ಮುಖ್ಯ ಹನಿಯಾಗಿ ಉಳಿಯಿತು, ಇಂದಿಗೂ ಔಷಧದಂಗಡಿಯಲ್ಲಿದೆ.

ಕನ್ನಡ ನಾಡಿಗೆ ಹತ್ತಿರದ ಉದಾಹರಣೆ ಮಕಂದಿ ಬೇರಿನದು. ತುಳಸಿ ಕುಟುಂಬದ ಈ ಗಿಡದ ಬೇರಿನಿಂದ 1970ರ ದಶಕದಲ್ಲಿ ಮುಂಬೈಯ ಹೆಕ್ಸ್ಟ್ ಸಂಶೋಧನಾ ಕೇಂದ್ರ ಮತ್ತು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಹೆಚ್ಚುಕಡಿಮೆ ಒಟ್ಟಿಗೇ ಒಂದು ಅಣುವನ್ನು ಪತ್ತೆಹಚ್ಚಿದವು. ಅದಕ್ಕೆ ನಿಂತ ಹೆಸರು ಫೋರ್ಸ್ಕೋಲಿನ್. ಕಣ್ಣಿನೊಳಗಿನ ದ್ರವ ಊರುವುದನ್ನೇ ಅದು ಕಡಿಮೆ ಮಾಡಿ ಒತ್ತಡ ಇಳಿಸುತ್ತದೆಂದು 1983ರಲ್ಲಿ ಅಮೆರಿಕದ ಸಂಶೋಧಕರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನ ಸಾಮಿ ಲ್ಯಾಬ್ಸ್ ಇದರ ಶೇಕಡಾ 1ರ ಹನಿಯನ್ನು ಸಿದ್ಧಪಡಿಸಿತು. 2015ರಲ್ಲಿ ಪ್ರಕಟವಾದ ನಾಲ್ಕು ವಾರಗಳ ಅಧ್ಯಯನದಲ್ಲಿ ರೋಗಿಗಳ ಕಣ್ಣಿನ ಒತ್ತಡ ಇಳಿಯಿತು. ಅದೂ ಹೋಲಿಕೆಯ ಗುಂಪಿಲ್ಲದ ಅಧ್ಯಯನ. ಗ್ಲಾಕೋಮಾ ಜೀವಮಾನದ ರೋಗವಾದ್ದರಿಂದ ನಾಲ್ಕು ವಾರದ ಫಲ ಸಾಲದು. ಆದರೂ ದಾರಿ ಸರಿಯಾದದ್ದು: ಬೇರನ್ನು ಅರೆದು ಕಣ್ಣಿಗೆ ಹಿಂಡಲಿಲ್ಲ, ಅಣುವನ್ನು ಬೇರ್ಪಡಿಸಿ, ಅಳೆದು, ಕ್ರಿಮಿರಹಿತವಾಗಿಸಿ ಹನಿ ಮಾಡಲಾಯಿತು. ಗಿಂಕೊ ಎಲೆಯ ಸಾರದ ಮಾತ್ರೆಗೆ ಈ ಅದೃಷ್ಟವಿಲ್ಲ. 2003ರಲ್ಲಿ ಇಟಲಿಯ ಅಧ್ಯಯನವೊಂದು ದೃಷ್ಟಿಕ್ಷೇತ್ರ ಸುಧಾರಿಸಿತೆಂದಿತು. 2014ರಲ್ಲಿ ಚೀನಾದ ರೋಗಿಗಳ ಮೇಲೆ ಅದನ್ನೇ ಮಾಡಿದಾಗ ಆ ಸುಧಾರಣೆ ಕಾಣಲಿಲ್ಲ.

ಬಾವಲಿಯ ಬೇಲಿಬದಿಯಲ್ಲಿ ಬೆಳೆಯುವ ಉಮ್ಮತ್ತಿಯೂ ಈ ಸಾಲಿಗೆ ಸೇರುತ್ತದೆ. ಕಳೆ ಕೀಳುವಾಗ ಅದರ ರಸ ತಗುಲಿದ ಕೈಯಿಂದ ಕಣ್ಣುಜ್ಜಿಕೊಂಡರೆ ಪಾಪೆ ಅಗಲವಾಗಿ, ಗಂಟೆಗಟ್ಟಲೆ ಹತ್ತಿರದ್ದು ಕಾಣದು. ಕಾರಣ ಅದರಲ್ಲಿರುವ ಅಟ್ರೋಪಿನ್ ಜಾತಿಯ ಕ್ಷಾರಾಭಗಳು. ಇದೇ ಅಟ್ರೋಪಿನ್ ಕಣ್ಣಿನ ಪರೀಕ್ಷೆಯಲ್ಲಿ ಪಾಪೆ ಹಿಗ್ಗಿಸುತ್ತದೆ, ಕಾರ್ನಿಯಾ ಹುಣ್ಣಿನ ನೋವು ತಗ್ಗಿಸುತ್ತದೆ. 2006ರಲ್ಲಿ ಸಿಂಗಪುರದ 400 ಮಕ್ಕಳ ಪ್ರಯೋಗದಲ್ಲಿ ಶೇಕಡಾ 1ರ ಅಟ್ರೋಪಿನ್ ಸಮೀಪದೃಷ್ಟಿ ಬೆಳೆಯುವುದನ್ನು ಬಹಳವಾಗಿ ತಡೆಯಿತು. 2012ರ ಮುಂದಿನ ಪ್ರಯೋಗದ ಹೊತ್ತಿಗೆ ಅದನ್ನು ಶೇಕಡಾ 0.01ರವರೆಗೆ ತೆಳುವಾಗಿಸಿ ನೋಡಲಾಗಿತ್ತು. ಉಮ್ಮತ್ತಿಯ ಎಲೆಯಲ್ಲಿ ಎಷ್ಟು ಅಟ್ರೋಪಿನ್ ಇದೆಯೆಂಬುದು ಗಿಡದಿಂದ ಗಿಡಕ್ಕೆ, ಮಳೆಯಿಂದ ಬಿಸಿಲಿಗೆ ಬದಲಾಗುತ್ತದೆ. ಒಳಕೋನ ಕಿರಿದಾಗಿರುವ ಕಣ್ಣಿನಲ್ಲಿ ಪಾಪೆ ಹಿಗ್ಗಿದರೆ ತೀವ್ರ ಗ್ಲಾಕೋಮಾ ಎರಗಬಹುದು.

ರೆಟಿನಾದ ಮಟ್ಟಿಗೆ ದೊಡ್ಡ ಪ್ರಯೋಗದ ಬೆಂಬಲವಿರುವ ಸಸ್ಯದ್ರವ್ಯ ಕಾಡಿನದಲ್ಲ, ಹೊಲದ್ದು. ವಯನಾಡಿನ ಸುಲ್ತಾನ್ ಬತ್ತೇರಿಯಿಂದ ಗಡಿ ದಾಟಿದರೆ ಸಿಗುವ ಗುಂಡ್ಲುಪೇಟೆಯಲ್ಲಿ ಮುಂಗಾರಿನಲ್ಲಿ ಚೆಂಡುಹೂವಿನ ಹೊಲಗಳು ಕಣ್ಣು ಹಾಯುವಷ್ಟು ದೂರ ಹಬ್ಬುತ್ತವೆ. ಓಣಂ ಹೊತ್ತಿಗೆ ಕೇರಳದವರು ಅಲ್ಲಿ ಫೋಟೊ ತೆಗೆಸಿಕೊಳ್ಳಲು ನೆರೆಯುತ್ತಾರೆ. ‘ಬಣ್ಣಕ್ಕೆ ಹೋಗುತ್ತೆ’ ಎಂದು ರೈತರು ಹೇಳುವುದು ಅರ್ಧ ನಿಜ. ಎಸಳಿನಿಂದ ತೆಗೆದ ಸಾರ ಮೊಟ್ಟೆಯ ಹಳದಿ ಗಾಢವಾಗಲು ಕೋಳಿ ಆಹಾರಕ್ಕೆ ಹೋಗುತ್ತದೆ. ಅದನ್ನೇ ಶುದ್ಧಿಮಾಡಿದರೆ ಲ್ಯೂಟಿನ್ ಮತ್ತು ಝಿಯಾಝಾಂಥಿನ್. ರೆಟಿನಾದ ನಡುವಿನ ಮ್ಯಾಕ್ಯುಲಾದಲ್ಲಿ ನೀಲಿ ಬೆಳಕನ್ನು ಹೀರುವ ಹಳದಿ ವರ್ಣದ್ರವ್ಯಗಳು ಇವೇ. ದೇಹ ಇವನ್ನು ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ಅಮೆರಿಕದಲ್ಲಿ 4,203 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಎಆರ್‌ಇಡಿಎಸ್-2 ಪ್ರಯೋಗ, ಮ್ಯಾಕ್ಯುಲಾ ಸವೆತದ ರೋಗಿಗಳ ಮಾತ್ರೆಯಲ್ಲಿ ಬೀಟಾ ಕ್ಯಾರೋಟಿನ್ ಬದಲು ದಿನಕ್ಕೆ 10 ಮಿಲಿಗ್ರಾಂ ಲ್ಯೂಟಿನ್, 2 ಮಿಲಿಗ್ರಾಂ ಝಿಯಾಝಾಂಥಿನ್ ಕೊಡುವುದು ಮೇಲೆಂದು ಕಂಡುಕೊಂಡಿತು. ಬೀಟಾ ಕ್ಯಾರೋಟಿನ್ ಹಿಂದೆ ಸಿಗರೇಟು ಸೇದಿದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸುತ್ತಿತ್ತು. ಈ ಮಾತ್ರೆ ಕಳೆದ ದೃಷ್ಟಿಯನ್ನು ತರುವುದಿಲ್ಲ, ಮಧ್ಯಮ ಹಂತದವರಲ್ಲಿ ರೋಗ ಮುಂದುವರಿಯುವುದನ್ನು ತಗ್ಗಿಸುತ್ತದೆ, ಆರೋಗ್ಯವಂತರಿಗೆ ಬೇಕಿಲ್ಲ. ಮೊಬೈಲ್ ನೋಡಿ ದಣಿದ ಕಣ್ಣಿಗೆಂದು ಇದನ್ನು ಮಾರುವ ಜಾಹೀರಾತುಗಳಿಗೆ ಈ ಪ್ರಯೋಗದ ಬಲವಿಲ್ಲ.

ಇರುಳುಗಣ್ಣಿನಲ್ಲಿ ಮಾತ್ರ ಮನೆಮದ್ದಿಗೆ ಪೂರ್ತಿ ಅಂಕ ಕೊಡಬಹುದು. ಎ ಜೀವಸತ್ವದ ಕೊರತೆಯಿಂದ ಬರುವ ಈ ಬೇನೆಗೆ ಅಗಸೆ ಸೊಪ್ಪು, ಹೊನಗೊನೆ, ನುಗ್ಗೆ, ತಗಚೆ ತಿನ್ನಿಸಿದ ಅಜ್ಜಿಯರು ಕೊಟ್ಟದ್ದು ಬೀಟಾ ಕ್ಯಾರೋಟಿನ್. ಸೊಪ್ಪಿನ ಸುಮಾರು 12 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್ ದೇಹದಲ್ಲಿ 1 ಮೈಕ್ರೋಗ್ರಾಂ ಎ ಜೀವಸತ್ವಕ್ಕೆ ಸಮ. ಬೇಯಿಸಿ, ಒಗ್ಗರಣೆಯ ಎಣ್ಣೆ ಸೇರಿದರೆ ಹೀರಿಕೆ ಹೆಚ್ಚು. 1970ರಲ್ಲಿ ಕೇಂದ್ರ ಸರ್ಕಾರ ಮಕ್ಕಳಿಗೆ ಎ ಜೀವಸತ್ವದ ದೊಡ್ಡ ಡೋಸ್ ಕೊಡುವ ಕಾರ್ಯಕ್ರಮ ಆರಂಭಿಸಿತು. ಅಂಗನವಾಡಿಯ ಆ ಚಮಚ ಇಂದಿಗೂ ಮುಂದುವರಿದಿದೆ. ಕಲ್ಪೆಟ್ಟದಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ಕೇಂದ್ರ, ಪಣಿಯ, ಕಾಟ್ಟುನಾಯ್ಕ, ಕುರುಮ ಹೆಂಗಸರಿಗೆ ಗೊತ್ತಿರುವ ಕಾಡುಸೊಪ್ಪುಗಳನ್ನು ದಾಖಲಿಸಿದೆ. ಗದ್ದೆಯ ಬದುವಿಗೆ ಕಳೆನಾಶಕ ಬಂದಲ್ಲಿ ಮೊದಲು ಹೋಗುವುದು ಈ ಸೊಪ್ಪುಗಳೇ. ಆದರೆ ಎಲ್ಲ ಇರುಳುಗಣ್ಣೂ ಕೊರತೆಯದಲ್ಲ: ವಂಶವಾಹಿಯಿಂದ ಬರುವ ರೆಟಿನಾದ ಸವೆತಕ್ಕೆ ಸೊಪ್ಪು ಮದ್ದಲ್ಲ. ವಯನಾಡಿನ ಬುಡಕಟ್ಟುಗಳಲ್ಲೂ ಚೆಟ್ಟಿಗಳಲ್ಲೂ ಕಾಣುವ ಕುಡಗೋಲು ಕಣ ರೋಗ ರೆಟಿನಾದ ರಕ್ತನಾಳಗಳನ್ನು ಮುಚ್ಚಬಲ್ಲದು. ಅದಕ್ಕೆ ಬೇಕಿರುವುದು ಸಮಯಕ್ಕೆ ಸರಿಯಾದ ರೆಟಿನಾ ತಪಾಸಣೆ.

ಅಪಾಯಗಳ ಪಟ್ಟಿ ಚಿಕ್ಕದೇನಲ್ಲ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಅಷ್ಟು ನೋವೇ ಆಗದಿರಬಹುದು, ಏಕೆಂದರೆ ಆ ಹಾಲೇ ನೋವನ್ನು ಮರಗಟ್ಟಿಸುತ್ತದೆ. ಅಷ್ಟರಲ್ಲಿ ಕಾರ್ನಿಯಾದ ಒಳಪದರ ಕೆಟ್ಟು ಕಣ್ಣು ಮಬ್ಬಾಗಿರುತ್ತದೆ. ಕಳ್ಳಿಯ ಹಾಲು ಉರಿದು ಸುಡುತ್ತದೆ. ಹಳದಿ ಹೂವಿನ ಮುಳ್ಳು ದತ್ತೂರಿಯ ಹಳದಿ ಹಾಲನ್ನು ಕಣ್ಣಿಗೆ ಹಚ್ಚುವ ರೂಢಿ ಹಲವೆಡೆ ಇದೆ. ಅದರಲ್ಲಿ ಬರ್ಬೆರಿನ್ ಇರುವುದು ನಿಜ. ಆದರೆ ಅದೇ ಗಿಡದ ಬೀಜದೆಣ್ಣೆಯ ಸ್ಯಾಂಗ್ವಿನರಿನ್ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಜನರನ್ನು ಕೊಂದಿತು. ಆ ಎಣ್ಣೆಯ ವಿಷಬಾಧೆಯಲ್ಲಿ ಕೆಲವರಿಗೆ ಗ್ಲಾಕೋಮಾವೂ ಬರುತ್ತದೆ. ಇವೆಲ್ಲಕ್ಕಿಂತ ಸಾಮಾನ್ಯವಾದ ಅಪಾಯ ಬೂಷ್ಟಿನದು. ಭತ್ತದ ಗರಿ ತಾಗಿ ಗೀರಿದ ಕಾರ್ನಿಯಾಕ್ಕೆ ಫ್ಯುಸೇರಿಯಂ, ಆಸ್ಪರ್ಜಿಲಸ್ ಶಿಲೀಂಧ್ರಗಳು ಗಿಡದೊಂದಿಗೇ ಬರುತ್ತವೆ. ಆ ಗೀರಿನ ಮೇಲೆ ತೊಳೆಯದ ಎಲೆಯ ರಸ ಹಿಂಡಿದರೆ ಇನ್ನಷ್ಟು ಬರುತ್ತವೆ. ಹುಣ್ಣು ಮಾಗಿದ ಮೇಲೆ ಉಳಿಯುವ ಬಿಳಿ ಕಲೆಯನ್ನೇ ಊರಿನವರು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುವುದು. ಶಿಲೀಂಧ್ರದ ಹುಣ್ಣಿಗೆ ಮೊದಲ ಮದ್ದು ನಟಾಮೈಸಿನ್ ಹನಿ. ಕೆಂಪಿಳಿಸಲೆಂದು ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿ ಸೊಪ್ಪಿನ ರಸದಷ್ಟೇ ಕೇಡು ಮಾಡುತ್ತದೆ.

ಕಾನೂನು ಈ ವಿಷಯದಲ್ಲಿ ಹಳೆಯದು, ಸ್ಪಷ್ಟವೂ ಹೌದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪೊರೆ, ಗ್ಲಾಕೋಮಾ, ಟ್ರಕೋಮಾ, ಕುರುಡುತನ ಗುಣಪಡಿಸುತ್ತೇವೆಂಬ ಜಾಹೀರಾತನ್ನು ನಿಷೇಧಿಸುತ್ತದೆ. 2021ರ ಮೇ ತಿಂಗಳಲ್ಲಿ ಆಂಧ್ರದ ಕೃಷ್ಣಪಟ್ಟಣಂನ ಕೋವಿಡ್ ನಾಟಿ ಮದ್ದಿಗೆ ಸರ್ಕಾರ ಅನುಮತಿ ಕೊಟ್ಟಾಗಲೂ ಅದರ ಕಣ್ಣಹನಿಯನ್ನು ಮಾತ್ರ ಹೊರಗಿಟ್ಟಿತು. ಬಾಯಿಗೆ ಹಾಕುವುದಕ್ಕೂ ಕಣ್ಣಿಗೆ ಬಿಡುವುದಕ್ಕೂ ಇರುವ ಅಂತರವನ್ನು ಆ ಗದ್ದಲದ ನಡುವೆಯೂ ಅಧಿಕಾರಿಗಳು ಮರೆಯಲಿಲ್ಲ. 2024ರಲ್ಲಿ ಓದುವ ಕನ್ನಡಕವೇ ಬೇಡವೆಂಬಂತೆ ಪ್ರಚಾರವಾದ ಪೈಲೋಕಾರ್ಪಿನ್ ಹನಿಯೊಂದರ ಅನುಮತಿಯನ್ನು ಕೇಂದ್ರ ಔಷಧ ನಿಯಂತ್ರಕರು ತಡೆಹಿಡಿದರು. ಅಣು ಪರೀಕ್ಷಿತವಾದದ್ದೇ, ಮಿತಿ ಮೀರಿದ್ದು ಮಾತು.

ಜ್ಞಾನದ ಒಡೆತನದ ಪ್ರಶ್ನೆಯೂ ಬಾಕಿ ಇದೆ. ತಿರುವನಂತಪುರದ ಕಾಣಿ ಬುಡಕಟ್ಟಿನವರು ತೋರಿಸಿಕೊಟ್ಟ ಆರೋಗ್ಯಪಚ್ಚ ಗಿಡದಿಂದ ಮಾಡಿದ ‘ಜೀವನಿ’ ಔಷಧದ ಲಾಭದಲ್ಲಿ ಅವರಿಗೆ ಪಾಲು ಸಿಕ್ಕಿದ್ದು 1990ರ ದಶಕದಲ್ಲಿ. 2002ರ ಜೀವವೈವಿಧ್ಯ ಕಾಯ್ದೆ ಅಂಥ ಹಂಚಿಕೆಯನ್ನು ನಿಯಮವಾಗಿಸಿತು. ಬಾವಲಿಯ ಹಾಡಿಗಳಿಂದ ನಾಳೆ ಕಣ್ಣಿನ ಮದ್ದಿನ ಸುಳಿವು ಸಿಕ್ಕರೆ ಅದೂ ಈ ಕಾಯ್ದೆಯ ಕೆಳಗೇ ಬರಬೇಕು.

ನಾಗರಹೊಳೆಯ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಆದ್ದರಿಂದ ಕಣ್ಣಿಗೆ ಏಟು ಬಿದ್ದ ಸಂಜೆ ಬಾವಲಿಯವರು ನೋಡಬೇಕಾದ ದಿಕ್ಕು ಮಾನಂದವಾಡಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯದು. ಅಲ್ಲಿ ತಲುಪುವವರೆಗೆ ಕಣ್ಣಿಗೆ ಬಿಡಬಹುದಾದದ್ದು ಶುದ್ಧ ನೀರು ಮಾತ್ರ; ಹಾಲು, ರಸ, ಸಾರ ಏನೇ ಬಿದ್ದಿದ್ದರೂ ಕನಿಷ್ಠ ಕಾಲುಗಂಟೆ ತೊಳೆಯಬೇಕು, ಮತ್ತು ಯಾವ ಗಿಡದ್ದೆಂದು ತೋರಿಸಲು ಒಂದು ಎಲೆಯನ್ನು ಜೊತೆಗೆ ಒಯ್ಯಬೇಕು.